ದಿನಾ ಸಮುದ್ರ ನೋಡೋ ನನಗೆ ಜೋಳದ ಹೊಲದಲ್ಲಿ ಕಣ್ಣೀರು ಯಾಕೆ ಬಂತು?

ಕಾಳಿದಂಡೆ (ಕಾರವಾರ):

ನಮಸ್ಕಾರ ಎಲ್ಲರಿಗೂ. ಸುಮಾರು ದಿನದಿಂದ ಒಂದು ವಿಷಯ ತಲೇಲಿ ಓಡ್ತಾ ಇದೆ, ಯಾರ ಹತ್ರ ಹೇಳ್ಬೇಕು ಗೊತ್ತಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ. ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಕಾಳಿ ನದಿ ಸಮುದ್ರ ಸೇರೋ ಜಾಗದ ಆಚೆ ದಡ, ಸದಾಶಿವಗಡದ ಕಡೆ. ಅಪ್ಪ ಏಂಡಿ ಬಲೆ ಎಳೆಯೋ ತಂಡದಲ್ಲಿ ಇದ್ರು. ನಾನು ಮನೆ ಪಕ್ಕ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಡ್ತೇನೆ, ಶನಿವಾರ ಭಾನುವಾರ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಕಡೆ ಜನ ಬರ್ತಾರೆ. ಸಮುದ್ರ ಅಂದ್ರೆ ನನಗೆ ಇವತ್ತು ಗಾಳಿ ಯಾವ ಕಡೆಯದು, ಬಂಗಡೆ ಬಿದ್ದಿದೆಯಾ, ದರ ಎಷ್ಟು, ಜೂನ್ 1ಕ್ಕೆ ಬೋಟು ಬಂದ್ ಆದ್ರೆ ಜುಲೈ ಮುಗಿಯೋವರೆಗೆ ಮನೆ ಹೆಂಗೆ ನಡೀತದೆ, ಇಷ್ಟೇ. ಬಂದವರು ಮುಂಜಾನೆ ಎದ್ದು ದಂಡೆಗೆ ಹೋಗಿ ಗಂಟೆಗಟ್ಟಲೆ ನಿಂತ್ಕೊಂಡು ನೋಡೋದು ಕಂಡ್ರೆ ಇವರಿಗೆ ಇದ್ರಲ್ಲಿ ಎಂತ ಕಾಣ್ತದೆ ಅಂತ ನನಗೆ ಯಾವತ್ತೂ ಅರ್ಥ ಆಗ್ತಿರಲಿಲ್ಲ.

ದೀಪಾವಳಿ ಆದ್ಮೇಲೆ ಒಂದು ಕುಟುಂಬ ಬಂತು, ಗದಗ ಜಿಲ್ಲೆ ರೋಣದ ಹತ್ರದ ಒಂದು ಹಳ್ಳಿಯವರು. ಜೊತೆಗೆ ಅವರ ಅಜ್ಜ, ಎಪ್ಪತ್ತು ದಾಟಿದವರು, ಸಮುದ್ರ ನೋಡಿದ್ದೇ ಇಲ್ಲ. ಅವರು ಬಂದು ಮುಟ್ಟೋವಾಗ ರಾತ್ರಿ ಹತ್ತೂವರೆ, ಊಟ ಮಾಡಿ ಮಲಗಿದ್ರು. ಬೆಳಿಗ್ಗೆ ಐದಕ್ಕೆ ನಾನು ಬಾಗಿಲು ತೆಗೆದ್ರೆ ಅಜ್ಜ ಅಂಗಳದಲ್ಲಿ ನಿಂತು ಬಗ್ಗಿ ನೆಲ ಮುಟ್ಟಿ ಮುಟ್ಟಿ ನೋಡ್ತಿದ್ರು. ಎಂತ ಅಜ್ಜ ಅಂದೆ. "ಅಲ್ಲೋ ತಮ್ಮಾ, ರಾತ್ರಿ ಪೂರಾ ಮಳಿ ಹೊಡೀತು, ನೆಲ ಒಣಾ ಒಣಾ ಐತಲ್ಲ" ಅಂದ್ರು. ನನಗೆ ಒಂದು ಕ್ಷಣ ಗೊತ್ತಾಗ್ಲಿಲ್ಲ, ಆಮೇಲೆ ಹೊಳೀತು, ಅವರು ರಾತ್ರಿಯೆಲ್ಲ ಕೇಳಿಸ್ಕೊಂಡದ್ದು ತೆರೆ ಸದ್ದು. ಹುಟ್ಟಿದಾಗಿಂದ ಆ ಸದ್ದಿನಲ್ಲೇ ಮಲಗಿದವ ನಾನು, ಅದು ಮಳೆ ಥರ ಕೇಳ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಕರ್ಕೊಂಡು ಹೋದೆ. ಚಪ್ಪಲಿ ಮೇಲೆ ಬಿಟ್ರು, ಧೋತ್ರ ಎತ್ತಿ ಕಟ್ಟಿದ್ರು, ನೀರು ಕಾಲಿಗೆ ಬಂದ ಕೂಡ್ಲೆ ಬಗ್ಗಿ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟು "ಖರೇನ ಉಪ್ಪ ಐತಿ" ಅಂದ್ರು, ಯಾರೋ ಹೇಳಿದ ಮಾತನ್ನ ಇಷ್ಟು ವರ್ಷ ಅರ್ಧ ನಂಬಿ ಅರ್ಧ ಬಿಟ್ಟವರ ಹಾಗೆ. ಅಲ್ಲೇ ಮರಳಲ್ಲಿ ಕೂತವರು ಎದ್ದದ್ದು ಹನ್ನೊಂದು ಗಂಟೆಗೆ. ಮಗ ಗೋಕರ್ಣಕ್ಕೆ ಹೋಗುವ ಅಂದ್ರೆ ನೀವು ಹೋಗ್ ಬರ್ರಿ, ನಾ ಇಲ್ಲೇ ಇರ್ತೀನಿ ಅಂದ್ರು. ಸಂಜೆ ಹೊರಡೋವಾಗ ಒಂದು ಲೀಟರಿನ ಬಾಟಲಿಗೆ ಸಮುದ್ರದ ನೀರು ತುಂಬ್ಸಿ, ಮುಚ್ಚಳದ ಮೇಲೆ ಬಟ್ಟೆ ಸುತ್ತಿ ಕಟ್ಟಿ, ಗಾಡೀಲಿ ತೊಡೆ ಮೇಲೇ ಇಟ್ಕೊಂಡು ಹೋದ್ರು. ಎಳ್ಳಮಾಸಿಗೆ ನಮ್ಮ ಹೊಲಕ್ಕೆ ಬರಬೇಕು ನೀನು ಅಂತ ಎರಡು ಸಲ ಹೇಳಿದ್ರು.

ಹೋದೆ ನಾನು, ಒಬ್ನೇ, ಬಸ್ಸಲ್ಲಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಗದಗ, ಅಲ್ಲಿಂದ ರೋಣ. ಹುಬ್ಬಳ್ಳಿ ದಾಟಿದ್ಮೇಲೆ ಮರ ಕಡಿಮೆ ಆಗ್ತಾ ಆಗ್ತಾ ಕೊನೆಗೆ ಬರೀ ಕಪ್ಪು ನೆಲ. ಎಳ್ಳಮಾವಾಸ್ಯೆ ದಿನ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ ಹೊಲದ ಸುತ್ತ ಚರಗ, ಅಂದ್ರೆ ನೈವೇದ್ಯದ ಅಡಿಗೆ, ಚೆಲ್ಲಿದ್ರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಇನ್ನು ಆಗೂದಿಲ್ಲ ಅಂದ್ರೂ ಬಿಡದೆ ಬಡಿಸಿದ್ರು. ಮರುದಿನ ಬೆಳಿಗ್ಗೆ ಬೇಗ ಅಜ್ಜ ನನ್ನನ್ನ ಎಬ್ಬಿಸಿ ಕಡಲೆ ಹೊಲಕ್ಕೆ ಕರ್ಕೊಂಡು ಹೋದ್ರು. ಎಲೆ ಮೇಲೆ ಇಬ್ಬನಿ ಕೂತಿತ್ತು. ಬೆರಳು ಹಚ್ಚಿ ನಾಲಿಗೆಗೆ ಇಟ್ಕೊ ಅಂದ್ರು. ಹುಳಿ! ಎಲೆಯೇ ಹುಳಿ ಬಿಡ್ತದಂತೆ, ಹಿಂದೆಲ್ಲ ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಅದನ್ನ ಅಡಿಗೆಗೆ, ಔಷಧಕ್ಕೆ ಇಟ್ಕೊಳ್ತಿದ್ರಂತೆ. ಕಡಲೆ ಗಿಡದಲ್ಲಿ ನಡೆದ್ರೆ ಕಾಲು ಚುರುಚುರು ಅಂತದೆ, ಅದಕ್ಕೂ ಅದೇ ಕಾರಣ.

ಆಮೇಲೆ ಜೋಳದ ಹೊಲದ ಬದುವಿನ ಮೇಲೆ ನಿಂತೆವು. ನಾಲ್ಕೂ ಕಡೆ ಸಪಾಟು. ಗುಡ್ಡ ಇಲ್ಲ, ತೆಂಗಿನ ಮರ ಇಲ್ಲ, ಆಕಾಶ ನೆಲಕ್ಕೆ ಮುಟ್ಟೋ ಗೆರೆ ಒಂದೇ, ಸಮುದ್ರದಲ್ಲಿ ದಿನಾ ನೋಡ್ತೇನಲ್ಲ ಅದೇ ಗೆರೆ. ಆದ್ರೆ ಇಲ್ಲಿ ಅದರ ಕಡೆಗೆ ನಡ್ಕೊಂಡೇ ಹೋಗಬಹುದು. ಗಾಳಿ ಬಂದಾಗ ಜೋಳ ಇಡೀ ಹೊಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗ್ತಾ ಬರ್ತಿತ್ತು. ಅಜ್ಜ ಕೈ ಚಾಚಿ, ಆ ಗಿಡ ಕಾಣ್ತದಲ್ಲ, ಅಲ್ಲಿಗೆ ನಮ್ಮ ಹೊಲ ಮುಗೀತದ ಅಂತ ತೋರಿಸ್ತಿದ್ರು, ನನಗೆ ಇದ್ದಕ್ಕಿದ್ದಂತೆ ಕಣ್ಣಲ್ಲಿ ನೀರು ಬಂದ್ಬಿಡ್ತು. ತಡೀಲಿಕ್ಕೇ ಆಗ್ಲಿಲ್ಲ. ಅಜ್ಜ ಏನೂ ಕೇಳ್ಲಿಲ್ಲ, ಒಂದು ಹಿಡಿ ಸುಲಗಾಯಿ (ಹಸಿ ಕಡಲೆ) ಕಿತ್ತು ಕೈಗೆ ಕೊಟ್ರು.

ನನ್ನ ಪ್ರಶ್ನೆ ಇದು. ನಾವು ಊರು ಬಿಟ್ಟು ಹೋಗೋದು ಯಾಕೆ? ಹೊಸದು ನೋಡೋಕೆ ಅಂತ ಎಲ್ಲ ಹೇಳ್ತಾರೆ, ಆದ್ರೆ ನಾನು ಅಲ್ಲಿ ನೋಡಿದ್ದರಲ್ಲಿ ಅಳುವಂಥದ್ದು ಏನಿತ್ತು? ನಿಮಗೂ ಹೀಗೆ ಆಗಿದೆಯಾ? ನಿಜವಾಗಿ ತಿಳ್ಕೊಬೇಕು ಅಂತ ಕೇಳ್ತಿದ್ದೇನೆ.

ಕುಮಟಾ ಹುಡುಗ (ಈಗ ಬೆಂಗಳೂರು):

ಸೂಪರ್ ಆಗಿ ಬರ್ದಿದ್ದೀರಿ ಅಣ್ಣ. ನಾನು ಐಟಿಲಿ ಇದ್ದೇನೆ, ಕೆಲಸ ಸಿಕ್ಕಿದ್ಮೇಲೆ ಲಾಂಗ್ ವೀಕೆಂಡ್ ಬಂದ್ರೆ ಸಾಕು ಫ್ರೆಂಡ್ಸ್ ಜೊತೆ ಎಲ್ಲಾದ್ರೂ ಹೊರಡೋದು, ಮನಾಲಿ, ಊಟಿ, ವಯನಾಡು ಎಲ್ಲ ಆಗಿದೆ. ಸತ್ಯ ಹೇಳ್ತೇನೆ, ಫೋಟೋ ನೋಡದೆ ಹೋದ್ರೆ ನನಗೆ ಅದ್ಯಾವುದೂ ಸರಿಯಾಗಿ ನೆನಪೇ ಬರಲ್ಲ. ನೆನಪಿರೋದು ಒಂದೇ, ರಾತ್ರಿ ಬಸ್ಸಲ್ಲಿ ಊರಿಗೆ ಬರೋವಾಗ ಬೆಳಗಿನ ಜಾವ ದೇವಿಮನೆ ಘಟ್ಟ ಇಳೀತಾ ಇದ್ದ ಹಾಗೆ ಕಿಟಕಿಯಿಂದ ಬರೋ ಗಾಳಿ ಬದಲಾಗ್ತದಲ್ಲ, ಮೇಲೆ ಚಳಿ ಚಳಿ ಇದ್ದದ್ದು ಕೆಳಗೆ ಬರ್ತಾ ಬರ್ತಾ ಬೆಚ್ಚಗೆ, ಅಂಟಂಟು, ಉಪ್ಪು ಉಪ್ಪು. ನಿದ್ದೇಲಿ ಇದ್ರೂ ಮೈಗೆ ಗೊತ್ತಾಗ್ತದೆ. ಆ ಗಾಳಿ ಮುಖಕ್ಕೆ ಬಡಿಬೇಕು ಅಂತಲೇ ನಾನು ಇಷ್ಟು ದೂರ ಹೋಗಿ ಕೂತಿದ್ದೇನೇನೋ ಅಂತ ಒಂದೊಂದ್ಸಲ ಅನ್ನಿಸ್ತದೆ. ನಿಮ್ಮ ಪ್ರಶ್ನೆಗೆ ಇದು ಉತ್ತರ ಹೌದೋ ಅಲ್ವೋ ಗೊತ್ತಿಲ್ಲ.

ಘಟ್ಟದ ಡ್ರೈವರ್ (ಅಂಕೋಲಾ):

ನಾನು ಟೂರಿಸ್ಟ್ ಗಾಡಿ ಓಡಿಸೋದು, ಹದಿನಾಲ್ಕು ವರ್ಷ ಆಯ್ತು. ಗೋಕರ್ಣ, ಮುರ್ಡೇಶ್ವರ, ಯಾಣ, ವಿಭೂತಿ ಫಾಲ್ಸ್, ಜೋಗ, ಇದೇ ರೂಟು. ಜನ ಯಾಕೆ ತಿರುಗ್ತಾರೆ ಅಂತ ನನ್ನಷ್ಟು ನೋಡಿದವರು ಕಡಿಮೆ ಇರಬಹುದು, ಯಾಕಂದ್ರೆ ಅವರು ಜಾಗ ನೋಡ್ತಾ ಇರ್ತಾರೆ, ನಾನು ಕನ್ನಡಿಲಿ ಅವರನ್ನ ನೋಡ್ತಾ ಇರ್ತೇನೆ.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮುಟ್ಟೋ ಜಾಗ ಅಲ್ಲ, ಹೋಗೋ ದಾರಿನೇ ಏನೋ ಮಾಡ್ತದೆ. ಮನೇಲಿ ಎದುರುಬದುರು ಕೂತು ಆಡೋಕಾಗದ ಮಾತು ಗಾಡೀಲಿ ಬರ್ತದೆ, ಯಾಕಂದ್ರೆ ಎಲ್ಲರ ಮುಖ ಒಂದೇ ಕಡೆಗೆ ಇರ್ತದೆ, ಯಾರೂ ಯಾರ ಕಣ್ಣೂ ನೋಡಬೇಕಾಗಿಲ್ಲ. ಒಂದ್ಸಲ ದಾವಣಗೆರೆ ಕಡೆಯ ಅಪ್ಪ ಮಗ ಇಬ್ರೇ ಬಂದಿದ್ರು, ಮೊದಲ ದಿನ ಇಡೀ ಇಬ್ರೂ ಒಂದು ಮಾತಾಡಿದ್ದು ನಾನು ಕೇಳ್ಲಿಲ್ಲ, ಊಟ ಏನು ಬೇಕು ಅಂತ ಕೂಡ ನನ್ನ ಮೂಲಕವೇ ಕೇಳ್ತಿದ್ರು. ಎರಡನೇ ದಿನ ದೇವಿಮನೆ ಘಟ್ಟದಲ್ಲಿ ಮಂಜು, ಹತ್ತು ಮಾರು ಮುಂದೆ ಕಾಣ್ತಿರಲಿಲ್ಲ, ಲೈಟ್ ಹಾಕ್ಕೊಂಡು ನಿಧಾನ ಹೋಗ್ತಾ ಇದ್ದೆ. ಅಪ್ಪ ಕಿಟಕಿ ಕಡೆ ನೋಡ್ತಾ "ನಿಮ್ಮಮ್ಮ ಇದ್ದಿದ್ರೆ ಇಲ್ಲಿ ನಿಲ್ಲಿಸ್ರಿ ಅಂತಿದ್ಲು" ಅಂದ್ರು. ಮಗ ಸ್ವಲ್ಪ ಹೊತ್ತು ಸುಮ್ನಿದ್ದು ಅಣ್ಣ ಸೈಡಿಗೆ ಹಾಕಿ ಅಂದ. ಇಬ್ರೂ ಇಳಿದು ನಿಂತ್ರು. ನಾನು ಇಳೀಲಿಲ್ಲ, ಇಂಜಿನ್ ಬಂದ್ ಮಾಡಿ ಕೂತೆ. ಅರ್ಧ ಗಂಟೆ ಆದ್ಮೇಲೆ ಬಂದು ಕೂತವರು ಅಲ್ಲಿಂದ ಕುಮಟಾವರೆಗೂ ಮಾತಾಡ್ತಾನೇ ಇದ್ರು, ಆಯಮ್ಮ ಮಾಡ್ತಿದ್ದ ಅಡಿಗೆ, ಬೈತಿದ್ದದ್ದು, ಎಲ್ಲ.

ಇನ್ನೊಂದು ಮಾತು. ತಿರುಗೋದು ಅಂದ್ರೆ ಬರೀ ನೋಡೋಕೆ ಹೋಗೋರದ್ದು ಮಾತ್ರ ಅಲ್ಲ. 2024ರ ಜುಲೈ 16ರಂದು ನಮ್ಮ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಮೇಲೆ ಬಂತಲ್ಲ, ಅಲ್ಲಿದ್ದ ಚಹಾ ಹೋಟೆಲಿಗೆ ಲಾರಿ, ಟ್ಯಾಂಕರ್ ನಿಲ್ಲಿಸಿದವರೆಲ್ಲ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಒಂದು ಲಾರಿ ಗಂಗಾವಳಿ ನೀರಿಂದ ಮೇಲೆ ಬರೋಕೆ ಎರಡು ತಿಂಗಳ ಮೇಲಾಯ್ತು, ಅಷ್ಟೂ ದಿನ ಕೇರಳದಿಂದ ಅದರ ಡ್ರೈವರಿನ ಮನೆಯವರು ಕಾದ್ರು. ನಾನೂ ಅಲ್ಲಿ ಎಷ್ಟೋ ಸಲ ಚಹಾ ಕುಡಿದವನು. ಈಗಲೂ ಆ ಜಾಗ ದಾಟೋವಾಗ ಸ್ಪೀಡ್ ಕಡಿಮೆ ಮಾಡಿ, ಒಂದು ಕೈ ಸ್ಟೇರಿಂಗಿಂದ ತೆಗೆದು ಎದೆಗೆ ಮುಟ್ಟಿಸ್ತೇನೆ. ಹಿಂದೆ ಕೂತವರು ಕೇಳಿದ್ರೆ ಹೇಳ್ತೇನೆ. ಅಲ್ಲೀವರೆಗೆ ಹಾಡು ಹಾಕ್ಕೊಂಡು ಕೇಕೆ ಹೊಡೀತಾ ಇದ್ದ ಹುಡುಗರು ಕೂಡ ಆಮೇಲೆ ಕಾರವಾರದ ಸುರಂಗ ದಾಟಿ ಎಡಗಡೆ ಸಮುದ್ರ ಕಾಣೋವರೆಗೂ ಸುಮ್ನೆ ಇರ್ತಾರೆ.

ಕಾಳಿದಂಡೆ ಅಣ್ಣ, ನೀವು ಅತ್ತದ್ದು ಹೊಲ ನೋಡಿ ಅಲ್ಲ ಅಂತ ನನಗನ್ನಿಸ್ತದೆ. ಒಬ್ರೇ ಅಷ್ಟು ದೂರ ಬಸ್ಸಲ್ಲಿ ಕೂತು ಹೋದ್ರಲ್ಲ, ದಾರೀಲೇ ಏನೋ ಶುರುವಾಗಿರ್ತದೆ.

ಶಾಲ್ಮಲಾ (ಶಿರಸಿ ಹತ್ತಿರದ ಹಳ್ಳಿ):

ತಮಾ, ಎರಡು ಸಲ ಓದಿದೆ. ನಂಗೆ ಅರವತ್ತೊಂದು, ಟೈಪ್ ಮಾಡೂದು ನಿಧಾನ, ತಪ್ಪಿದ್ರೆ ಸುಧಾರಿಸ್ಕಳಿ.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಇಪ್ಪತ್ತೊಂದನೇ ವರ್ಷಕ್ಕೆ. ಅಡಿಕೆ ತೋಟ, ನಾಲ್ಕು ದನ, ಕೊನೆಕೊಯ್ಲಿನ ಕಾಲಕ್ಕೆ ದಿನಾ ಹತ್ತು ಹನ್ನೆರಡು ಆಳಿಗೆ ಅಡಿಗೆ. ತಿರುಗಾಟ ಅಂದ್ರೆ ತವರುಮನೆ, ಮದುವೆ ಮುಂಜಿ, ಎರಡು ವರ್ಷಕ್ಕೊಂದ್ಸಲ ಮಾರಿಜಾತ್ರೆ, ಮಕ್ಕಳು ಸಣ್ಣಿದ್ದಾಗ ಒಂದ್ಸಲ ಗೋಕರ್ಣ. ಹೋಗ್ಬೇಡ ಹೇಳಿ ಯಾರೂ ಹೇಳ್ಲಿಲ್ಲ, ಆದ್ರೆ ಹಾಲು ಕರೆಯೋರು ಯಾರು? ಬಸ್ಸಿಗೆ ದುಡ್ಡು ಕೇಳೂದು ಯಾರ ಹತ್ರ, ಎಂತ ಹೇಳಿ ಕೇಳೂದು? ಕೆಲಸಕ್ಕೆ ಹೋಗೂದಾದ್ರೆ ಕೇಳಬಹುದು, ಸುಮ್ನೆ ಹೋಗ್ತೆ ಹೇಳಿ ಕೇಳೂಕೆ ಬಾಯಿ ಬರ್ತಿರಲ್ಲೆ.

2023ರ ಜೂನ್ 11ಕ್ಕೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಆತಲ್ಲ, ಶಕ್ತಿ ಯೋಜನೆ, ಅದಾಗಿ ನಾಲ್ಕು ತಿಂಗಳು ಬಿಟ್ಟು ಪಕ್ಕದ ಮನೆಯ ಇಬ್ಬರು ಸೇರ್ಕಂಡು ಮೊದಲ ಸಲ ಹೊರಟೆವು, ಯಾಣಕ್ಕೆ. ನಮ್ಮನೆಯಿಂದ ಬರೀ ನಲವತ್ತು ಕಿಲೋಮೀಟರ್ ಆಗ್ತು. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಹೇಳಿ ಗಾದೆ ಕೇಳ್ತಾ ಬೆಳೆದವಳು, ನೋಡಿದ್ದು ಐವತ್ತೆಂಟಕ್ಕೆ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದು ಕೈಗೆ ಕೊಟ್ಟ, ಮೊತ್ತದ ಜಾಗದಲ್ಲಿ ಸೊನ್ನೆ. ಆ ಚೀಟಿ ಇನ್ನೂ ನನ್ನ ಪರ್ಸಲ್ಲಿದ್ದು, ಅಕ್ಷರ ಪೂರ್ತಿ ಅಳಿಸಿ ಹೋಯ್ದು, ಬಿಸಾಡೂಕೆ ಮನಸಾಗ್ತಿಲ್ಲೆ.

ಯಾಣದ ಬಂಡೆ ದೊಡ್ಡದೇ, ಭೈರವೇಶ್ವರ ಶಿಖರ 120 ಮೀಟರ್ ಅಂತೆ, ಕೆಳಗೆ ನಿಂತು ಕತ್ತೆತ್ತಿದ್ರೆ ಸೆರಗು ಜಾರಿ ಹೋಗ್ತು ಅಷ್ಟು ಎತ್ತರ. ಕಪ್ಪು ಸುಣ್ಣಕಲ್ಲು ಹೇಳಿ ನನ್ನ ಮಗ ಹೇಳ್ದ, ಅಲ್ಲಿ ಪೂಜೆ ಮಾಡೋರು ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಅಂದ್ರು. ಎರಡೂ ಇರ್ಲಿ. ಆದ್ರೆ ನಂಗೆ ಖುಷಿ ಆದದ್ದು ಬಂಡೆ ಕಂಡು ಅಷ್ಟೇ ಅಲ್ಲ. ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಒಂದೂವರೆ ತಾಸು ನನ್ನ ಹೆಸರು ಹಿಡಿದು ಯಾರೂ ಕೂಗ್ಲಿಲ್ಲ. ನೀರು ಕೊಡು, ಟವೆಲ್ ಎಲ್ಲಿ, ಸಾರಿಗೆ ಉಪ್ಪು ಕಡಿಮೆ, ಒಂದೂ ಇಲ್ಲ. ಎರಡೂ ಕೈ ತೊಡೆ ಮೇಲೆ ಸುಮ್ನೆ ಬಿದ್ಕಂಡಿತ್ತು. ನಾನು ನನ್ನ ಕೈ ನೋಡ್ದೆ. ಅಡಿಕೆ ಸುಲಿದು ಸುಲಿದು ಹೆಬ್ಬೆರಳು ಕಪ್ಪಾಗಿ ಸೀಳಿತ್ತು, ಅದನ್ನ ನಾನು ಎಷ್ಟೋ ವರ್ಷದಿಂದ ಸರೀ ನೋಡೇ ಇರ್ಲಿಲ್ಲೆ. ಹೊರಗೆ ಕಾಡು ಹೋಗ್ತಾ ಇತ್ತು, ನಾನು ನನ್ನ ಕೈ ನೋಡ್ತಾ ಕೂತಿದ್ದೆ.

ಅದಾದ್ಮೇಲೆ ತಿಂಗಳಿಗೊಂದು ಸಲ ಹೊರಟೇ ಹೊರಡ್ತೆ. ಸಹಸ್ರಲಿಂಗ, ಬನವಾಸಿ, ಸೋಂದೆ, ಮಾಗೋಡು ಎಲ್ಲಾ ಆತು. ಹಾಲು ನಮ್ಮನೆಯವರೇ ಕರೀತ್ರು ಈಗ. ಸಂಜೆ ವಾಪಸ್ ಬಂದು ಕೊಟ್ಟಿಗೆಗೆ ಹೋದ್ರೆ ಹಸು ಸೀರೆ ಮೂಸಿ ಮೂಸಿ ನೋಡ್ತು, ಬೇರೆ ಊರಿನ ವಾಸನೆ ಅದಕ್ಕೆ ಗೊತ್ತಾಗ್ತು.

ಆ ಬಾಟಲಿ ವಿಷಯ ಓದಿ ನಮ್ಮ ಮಾವನೋರು ನೆನಪಾದ್ರು. ಅವರು ಕಾಶಿಗೆ ಹೋಗಿ ಬಂದವರು, ಗಂಗೆ ತುಂಬ್ಸಿ ಬೆಸುಗೆ ಹಾಕಿದ ತಾಮ್ರದ ಸಣ್ಣ ಗಿಂಡಿ ತಂದಿದ್ರು, ದೇವರ ಕೋಣೇಲಿ ಹತ್ತೊಂಬತ್ತು ವರ್ಷ ಹಾಗೇ ಇತ್ತು. ಮಾವ ಹೋಗುವ ಹೊತ್ತಿಗೆ ಬೆಸುಗೆ ಒಡೆದು ಎರಡು ಹನಿ ಬಾಯಿಗೆ ಬಿಟ್ಟೆವು. ಕಾಶಿಯಿಂದ ಬಂದಾಗ ಎಲ್ಲ ಕೇಳಿದ್ದು ಎಂತ ತಂದ್ರಿ ಹೇಳಿ, ಅಲ್ಲಿ ಗಂಗೆ ಎದುರು ನಿಂತಾಗ ನಿಮಗೆ ಎಂತ ಅನ್ನಿಸ್ತು ಹೇಳಿ ಒಬ್ಬರೂ ಕೇಳ್ಲಿಲ್ಲೆ. ನಾನೂ ಕೇಳ್ಲಿಲ್ಲೆ, ಆ ಬೇಜಾರು ಇವತ್ತಿಗೂ ಇದ್ದು.

ಅದಕ್ಕೆ ನಿಂಗೆ ಕೇಳ್ತೆ ತಮಾ. ಆ ಅಜ್ಜ ಆ ನೀರು ಎಂತ ಮಾಡಿದ? ಮತ್ತೆ ಇನ್ನೊಂದು, "ಅಪ್ಪ ಬಲೆ ಎಳೆಯೋ ತಂಡದಲ್ಲಿ ಇದ್ರು" ಹೇಳಿ ಬರ್ದೆ. ಅಪ್ಪ ಈಗ ಇದ್ರಾ?

ರಾಮನಗರ (ಜೋಯಿಡಾ ತಾಲೂಕು):

ನಮ್ಮಮ್ಮ ಸೂಪಾದವಳು. ಕಾಳಿಗೆ ಪಾಂಡ್ರಿ ಹೊಳೆ ಬಂದು ಸೇರೋ ಜಾಗದಲ್ಲಿದ್ದ ಊರು, 80ರ ದಶಕದಲ್ಲಿ ಡ್ಯಾಮಿನ ನೀರಲ್ಲಿ ಮುಳುಗಿತು, ಅಲ್ಲಿಯವರಿಗೆ ರಾಮನಗರದಲ್ಲಿ ಜಾಗ ಕೊಟ್ರು, ನಾನು ಹುಟ್ಟಿದ್ದು ಇಲ್ಲೇ. ವರ್ಷಕ್ಕೊಂದ್ಸಲ ಅಮ್ಮನ್ನ ಗಣೇಶಗುಡಿ ಕಡೆ ಹಿನ್ನೀರಿನ ಹತ್ರ ಕರ್ಕೊಂಡು ಹೋಗ್ತೇನೆ. ಅವಳಿಗೆ ಬೇರೆ ಎಲ್ಲಿಗೂ ಹೋಗೋ ಆಸೆ ಇಲ್ಲ. ದಂಡೆ ಮೇಲೆ ನಿಂತು ನೀರಿನ ಕಡೆ ಬೆರಳು ತೋರಿಸಿ, ಅಲ್ಲಿ ಶಾಲೆ, ಅಲ್ಲಿಂದ ಎಡಕ್ಕೆ ಬಂದ್ರೆ ಪೇಟೆ, ಪೇಟೆ ಮುಗಿಯೋ ಕಡೆ ನಮ್ಮ ಬಾವಿ ಅಂತ ಹೇಳ್ತಾಳೆ, ಪ್ರತಿ ವರ್ಷ ಅದೇ ಕ್ರಮದಲ್ಲಿ, ಒಂದೂ ತಪ್ಪಲ್ಲ. ಹೋದ ಸಲ ಫೋಟೋ ತೆಗೀತಿದ್ದ ಹುಡುಗಿಯೊಬ್ಳು ಆಂಟಿ ಸ್ವಲ್ಪ ಸೈಡಿಗೆ ಬರ್ತೀರಾ ಅಂದ್ಲು, ಅಮ್ಮ ಸರಿದು ನಿಂತು, ಆ ಹುಡುಗಿಗೂ ಬಾವಿ ಎಲ್ಲಿತ್ತು ಅಂತ ತೋರಿಸಿದ್ಲು. ಅವಳು ಮೊಬೈಲ್ ಕೆಳಗಿಳಿಸಿ ಪೂರ್ತಿ ಕೇಳಿದ್ಲು, ಬಾವಿ ನೀರು ಸಿಹಿಯಾ ಅಂತಾನೂ ಕೇಳಿದ್ಲು. ಅಮ್ಮ ಮನೆಗೆ ಬಂದು ನಾಲ್ಕು ದಿನ ಆ ಹುಡುಗಿ ಬಗ್ಗೆಯೇ ಮಾತಾಡಿದ್ಲು.

ಹಳೇ ಮಾಸ್ತರು (ಕಾರವಾರ):

ಚರ್ಚೆ ಚೆನ್ನಾಗಿ ನಡೀತಾ ಇದೆ. ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಕನ್ನಡ ಕಲಿಸಿದವ, ಸಂಜೆ ವಾಕಿಂಗ್ ಟ್ಯಾಗೋರ್ ಬೀಚಲ್ಲೇ. ಬಂದವರು ಅಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪಲ್ ಯುದ್ಧನೌಕೆ ಹತ್ತಿ ಇಳಿದು ಹೋಗ್ತಾರೆ, ಬೀಚಿಗೆ ಈ ಹೆಸರು ಯಾಕೆ ಬಂತು ಅಂತ ಕೇಳೋರು ಕಡಿಮೆ. ಕೇಳಿದವರಿಗೆ ನಾನು ನಿಂತು ಹೇಳ್ತೇನೆ, ಇಲ್ಲೂ ಹೇಳ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಅದು ಹತ್ತಿರ ಇದೆ.

1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ರು. ನೊಬೆಲ್ ಬರೋಕೆ ಇನ್ನೂ 30 ವರ್ಷ ಇತ್ತು, ಆಗಿನ್ನೂ ಎಳೆ ಹುಡುಗ. ಒಂದು ಬೆಳದಿಂಗಳ ರಾತ್ರಿ ದೋಣೀಲಿ ಕಾಳಿ ನದಿ ಮೇಲಕ್ಕೆ ಹೋಗಿ, ವಾಪಸ್ ಬರೋವಾಗ ಅಳಿವೆ ಹತ್ರ ಇಳಿದು, ಮರಳಿನ ಮೇಲೆ ನಡ್ಕೊಂಡೇ ಮನೆಗೆ ಬಂದ್ರು. ಆ ನಿಶ್ಶಬ್ದದ ಬಗ್ಗೆ ಮುಂದೆ ಎಷ್ಟೋ ವರ್ಷ ಆದ್ಮೇಲೆ ತಮ್ಮ ನೆನಪುಗಳಲ್ಲಿ ಬರ್ಕೊಂಡಿದ್ದಾರೆ. ಇಲ್ಲಿದ್ದಾಗಲೇ ಒಂದು ನಾಟಕ ಬರೆದ್ರು. ಲೋಕದ ನಂಟೆಲ್ಲ ಕಡ್ಕೊಂಡು ದೊಡ್ಡದೇನನ್ನೋ ಹುಡುಕ್ತಾ ಇದ್ದ ಒಬ್ಬ ಸನ್ಯಾಸಿಯನ್ನ ಒಬ್ಬ ಅನಾಥ ಹುಡುಗಿಯ ಪ್ರೀತಿ ಮತ್ತೆ ಮನುಷ್ಯರ ನಡುವೆ ಎಳ್ಕೊಂಡು ಬರೋ ಕಥೆ. ತನ್ನ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆ ಇದ್ದ ಹಾಗೆ ಅಂತ ಅವರೇ ಹೇಳಿದ್ದಾರೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಕಲ್ಕತ್ತಾದಿಂದ ಇಷ್ಟು ದೂರ ಬಂದವರಿಗೆ ಈ ಕಡಲು ಎಷ್ಟೆಲ್ಲ ಕೊಟ್ಟಿತು. ಆದ್ರೆ ಆ ನಾಟಕ ಕಡಲಿನ ಬಗ್ಗೆ ಅಲ್ಲ, ಒಂದು ಮಗುವಿನ ಪ್ರೀತಿ ಬಗ್ಗೆ. ಅಂಗಳದಲ್ಲಿ ಇದ್ದದ್ದು ಕಾಣಬೇಕಾದ್ರೆ ಸಾವಿರ ಮೈಲಿ ಬರಬೇಕಾಯ್ತು. ಶಿರಸಿ ಅಕ್ಕನೋರು ಕಿಟಕಿ ಪಕ್ಕ ಕೂತು ತಮ್ಮ ಕೈ ನೋಡ್ಕೊಂಡದ್ದು ಓದಿದಾಗ ನನಗೆ ಇದೇ ನೆನಪಾದದ್ದು. ಅಕ್ಕ, ಅದನ್ನ ಬರೆದದ್ದಕ್ಕೆ ನಿಮಗೆ ನಮಸ್ಕಾರ.

ಕಾಳಿದಂಡೆ (ಕಾರವಾರ):

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯ್ತು. ಶಾಲ್ಮಲಾ ಅಕ್ಕ, ನಿಮ್ಮ ಎರಡನೇ ಪ್ರಶ್ನೆ ಓದಿ ಮೊಬೈಲ್ ಕೆಳಗಿಟ್ಟು ದಂಡೆಗೆ ಹೋಗಿ ಬಂದೆ.

ಅಪ್ಪ ಇಲ್ಲ. ಹೋಗಿ ಆರು ವರ್ಷ ಆಯ್ತು. ಅಪ್ಪಂಗೆ ಒಂದು ಅಭ್ಯಾಸ ಇತ್ತು, ಬೆಳಿಗ್ಗೆ ದಂಡೆ ಮೇಲೆ ನಿಂತು ಹಣೆಗೆ ಕೈ ಅಡ್ಡ ಇಟ್ಟು ನೀರು ನೋಡೋದು. ನೀರಿನ ಬಣ್ಣ ಒಂದು ಕಡೆ ಕಪ್ಪಾಗಿ ಕಾಣ್ತದೆ, ಮೇಲೆ ಸಣ್ಣಗೆ ನಡುಗ್ತದೆ, ಹಕ್ಕಿ ಇಳೀತಾವೆ, ಅಲ್ಲಿ ಮೀನಿನ ಹಿಂಡು ಇದೆ ಅಂತ. ನಾನು ಸಣ್ಣವನಿದ್ದಾಗ ಪಕ್ಕ ನಿಲ್ಲಿಸ್ಕೊಂಡು ಕೈ ಚಾಚಿ ಕೊಂಕಣಿಲಿ ಹೇಳ್ತಿದ್ರು, ನೋಡು ಅಲ್ಲಿ, ಅಲ್ಲಿಂದ ಅಲ್ಲೀವರೆಗೆ. ನನಗೆ ಯಾವತ್ತೂ ಕಾಣ್ತಿರಲಿಲ್ಲ, ಕಾಣ್ತದೆ ಅಂತ ಸುಳ್ಳು ಹೇಳ್ತಿದ್ದೆ. ಆಮೇಲೆ ಕಾಲೇಜು, ಗೋವಾದಲ್ಲಿ ಕೆಲಸ, ದಿನಾ ಬೆಳಿಗ್ಗೆ ಮಡಗಾಂವ್ ರೈಲು, ಅಪ್ಪನ ಪಕ್ಕ ನಿಲ್ಲೋದೇ ನಿಂತು ಹೋಯ್ತು. ಅವರು ಹೋದ ದಿನ ನಾನು ಅಳ್ಲಿಲ್ಲ, ಬಂದವರಿಗೆ ಕುರ್ಚಿ, ಕಟ್ಟಿಗೆ, ಎಲ್ಲದರ ಓಡಾಟ ನನ್ನದೇ ಆಗಿತ್ತು.

ರೋಣದ ಅಜ್ಜ ಕೈ ಚಾಚಿ ಅಲ್ಲಿಗೆ ನಮ್ಮ ಹೊಲ ಮುಗೀತದ ಅಂದ್ರಲ್ಲ, ಅದೇ ಕೈ, ಅದೇ ಥರ ಬೆರಳು ಸ್ವಲ್ಪ ಬಾಗಿಸಿ. ನಿನ್ನೆ ದಂಡೆ ಮೇಲೆ ನಿಂತಾಗ ಗೊತ್ತಾಯ್ತು. ಘಟ್ಟದ ಡ್ರೈವರ್ ಅಣ್ಣ, ದಾರೀಲೇ ಶುರುವಾಗಿತ್ತು ಅಂದ್ರಲ್ಲ, ಸರಿ ಇರಬಹುದು. ಕಲಘಟಗಿ ಹತ್ರ ಬಸ್ ನಿಂತಾಗ ಒಬ್ಬ ಮುದುಕ ಹಣೆಗೆ ಕೈ ಅಡ್ಡ ಇಟ್ಟು ಬೋರ್ಡ್ ಓದ್ತಾ ಇದ್ದ, ನಾನು ಬಸ್ ತಿರುಗೋವರೆಗೂ ಅವನನ್ನೇ ನೋಡ್ತಿದ್ದೆ, ಯಾಕೆ ಅಂತ ಆಗ ಯೋಚನೆ ಮಾಡಿರಲಿಲ್ಲ.

ಬಾಟಲಿ ಏನಾಯ್ತು ಅಂತ ಕೇಳೋಕೆ ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಹೊಲಕ್ಕೆ ಒಂದು ಹನಿ ಹಾಕಿಲ್ಲ, ಉಪ್ಪು ನೆಲಕ್ಕೆ ಆಗೂದಿಲ್ಲ ಅಂದ್ರು. ಓಣಿಯಲ್ಲಿ ಸಮುದ್ರ ನೋಡದವರು ಯಾರ್ಯಾರು ಇದ್ದಾರೋ ಅವರನ್ನೆಲ್ಲ ಕಟ್ಟೆಗೆ ಕರೆದು ಅಂಗೈಗೆ ಒಂದೊಂದು ಚಮಚ ಹಾಕಿದ್ರಂತೆ, ನಾಲಿಗೆಗೆ ಹಚ್ಚಿ ನೋಡ್ರಿ ಅಂತ. ಒಬ್ಬ ಮುದುಕಿ ಅದನ್ನ ತಲೆಗೆ ಹಚ್ಕೊಂಡಳಂತೆ. ಎಲ್ಲರಿಗೂ ರಾತ್ರಿ ಮಳೆಯ ಕಥೆ ಹೇಳಿದ್ದಾರೆ. ನೀರು ಖಾಲಿ ಆಗಿದೆ, ಮುಂದಿನ ಸಲ ಬರೋವಾಗ ಐದು ಲೀಟರಿನ ಕ್ಯಾನ್ ತಗೊಂಡು ಬಾ ಅಂದ್ರು. ನಾನು ನಿಮ್ಮ ಮಾವನೋರನ್ನ ನೆನೆಸ್ಕೊಂಡು ಇನ್ನೊಂದು ಪ್ರಶ್ನೆನೂ ಕೇಳಿದೆ ಅಕ್ಕ, ಅಜ್ಜ ಅವತ್ತು ಅಲ್ಲಿ ಅಷ್ಟು ಹೊತ್ತು ಕೂತಿದ್ರಲ್ಲ, ಏನು ಅನ್ನಿಸ್ತು ಅಂತ. ಅವರು ಸುಮಾರು ಹೊತ್ತು ಮಾತಾಡ್ಲಿಲ್ಲ, ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಆಮೇಲೆ "ನನ್ನ ಹೆಂಡತಿ ಬರಬೇಕಿತ್ತಪಾ" ಅಂದ್ರು.

ಶಾಲ್ಮಲಾ (ಶಿರಸಿ ಹತ್ತಿರದ ಹಳ್ಳಿ):

ಕಣ್ಣು ಒರೆಸ್ಕತ್ತಾ ಓದಿದೆ ತಮಾ. ಕೇಳಿದ್ಯಲ, ಒಳ್ಳೇದು ಮಾಡ್ದೆ. ನಮ್ಮ ಮೂರೂ ಜನಕ್ಕೆ ಕಾರವಾರ ಇನ್ನೂ ಆಯ್ದಿಲ್ಲೆ. ಬರೂದಾದ್ರೆ ಹ್ಯಾಂಗೆ ಬರೂದು, ಅದೇ ದಿನ ವಾಪಸ್ ಮುಟ್ಟೂಕೆ ಆಗ್ತಾ?

ಘಟ್ಟದ ಡ್ರೈವರ್ (ಅಂಕೋಲಾ):

ಅಕ್ಕ, ಬೆಳಿಗ್ಗೆ ಬೇಗ ಹೊರಟು ಶಿರಸಿಯಿಂದ ಕುಮಟಾಕ್ಕೆ ಬನ್ನಿ, ಅಲ್ಲಿಂದ ಅಂಕೋಲಾ ಮೇಲೆ ಕಾರವಾರಕ್ಕೆ ಬಸ್ ಇದೆ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೀತಾ ಇದ್ರೆ ಮಳೆಗಾಲದಲ್ಲಿ ಬಂದ್ ಮಾಡ್ತಾರೆ, ಹೊರಡೋ ಮೊದಲು ಬಸ್‌ಸ್ಟ್ಯಾಂಡಲ್ಲಿ ಕೇಳ್ಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರಬಹುದು, ಆದ್ರೆ ಗಡಿಬಿಡಿ ಆಗ್ತದೆ. ರಾತ್ರಿ ಉಳ್ಕೊಳ್ಳಿ.

ಕಾಳಿದಂಡೆ (ಕಾರವಾರ):

ಉಳ್ಕೊಳ್ಳಲೇಬೇಕು. ರೂಮು ಖಾಲಿ ಇಟ್ಟಿರ್ತೇನೆ, ಬಾಡಿಗೆ ಮಾತು ಬೇಡ. ಅಕ್ಕ, ಸಾಧ್ಯ ಆದ್ರೆ ಕತ್ತಲಾದ್ಮೇಲೆ ಮುಟ್ಟೋ ಹಾಗೆ ಬನ್ನಿ. ರಾತ್ರಿ ಮಲಗಿ ಕೇಳಿ, ಸಮುದ್ರ ಬೆಳಿಗ್ಗೆ ನೋಡಿದ್ರಾಯ್ತು.